ಬೋಟು ಅಳಿವೆ ದಾಟುವವರೆಗೆ

ನನ್ನ ವಾರಗಿತ್ತಿಯ ಇಂಗ್ಲಿಷ್ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಏನು ಬರೆದರೂ ಹೊಟ್ಟೆಕಿಚ್ಚಿಗೆ ಬರೆದಳು ಅನ್ನುತ್ತಾರೆ. ಹೊಟ್ಟೆಕಿಚ್ಚಿಗೇ ಬರೆಯುತ್ತಿದ್ದೇನೆ, ಆ ಮಾತು ಬೇರೆ. ಅವಳು ನನ್ನ ಮೈದುನನ ಹೆಂಡತಿ, ಭಟ್ಕಳದವಳು. ಶಾಲೆ, ಕಾಲೇಜು ಎಲ್ಲ ಇಂಗ್ಲಿಷ್ ಮೀಡಿಯಂ. ಅಕ್ಕಪಕ್ಕದ ಮನೆಯ ಹುಡುಗಿಯರ ಜೊತೆ ಆಡುತ್ತಲೇ ಉರ್ದು, ನವಾಯತಿಯನ್ನೂ ಬಾಯಿಗೆ ಹಾಕಿಕೊಂಡಿದ್ದಾಳೆ. ನಾನು ಹೊನ್ನಾವರದ ಕನ್ನಡ ಶಾಲೆಯವಳು. ಕುಮಟಾದ ಕಾಲೇಜಿನಲ್ಲಿ ಇಂಗ್ಲಿಷ್ ತರಗತಿ ಅಂದರೆ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಹೊತ್ತಾಗಿತ್ತು. ಒಂದು ದಿನ ಎಲ್ಲರೂ ನಕ್ಕರು, ಅವತ್ತಿನಿಂದ ಹಟ ಹಿಡಿದು ಕಲಿತೆ. ಹಟಕ್ಕೆ ಕಲಿತ ಇಂಗ್ಲಿಷಿಗೂ ಆಡುತ್ತ ಕಲಿತ ಇಂಗ್ಲಿಷಿಗೂ ಇರುವ ವ್ಯತ್ಯಾಸ ಬಾಯಿ ತೆರೆದ ಕೂಡಲೇ ತಿಳಿಯುತ್ತದೆ. ಅವಳದು ಇಳಿಜಾರಿನಲ್ಲಿ ಹೋಗುವ ಸೈಕಲ್ಲು, ನಾನು ಇವತ್ತಿಗೂ ಪೆಡಲ್ ತುಳಿಯುತ್ತಿದ್ದೇನೆ.

ಇಬ್ಬರೂ ಬಂದು ಸೇರಿದ್ದು ತದಡಿಯ ಮೀನುಗಾರರ ಮನೆಗೆ. ನನ್ನ ಗಂಡ ಬೋಟಿನ ತಾಂಡೇಲ, ಚುಕ್ಕಾಣಿ ಹಿಡಿಯುವವರು. ಮೈದುನ ಅದೇ ಬೋಟಿನ ಎಂಜಿನ್ ನೋಡಿಕೊಳ್ಳುತ್ತಾನೆ. ಅತ್ತೆ ಬುಟ್ಟಿ ಹೊತ್ತು ಊರೂರು ಮೀನು ಮಾರಿ ಇಬ್ಬರನ್ನೂ ಸಾಕಿದವರು. ಈಗ ಮೊಣಕಾಲು ನೋವು, ಬುಟ್ಟಿ ಹೊರುವುದಿಲ್ಲ. ಆದರೆ ಮನೆಯಲ್ಲಿ ಯಾರು ಯಾವಾಗ ಎಂತ ಮಾತಾಡಬೇಕು ಅನ್ನುವುದು ಇನ್ನೂ ಅವರ ಕೈಯಲ್ಲೇ ಇದೆ.

ಎಂತ ಮಾತಾಡಬಾರದು ಅನ್ನುವುದೇ ಅದರಲ್ಲಿ ಮುಖ್ಯ. ಬೋಟಿನವರು ಮನೆಯಿಂದ ಹೊರಡಲು ಎದ್ದಾಗಿನಿಂದ ಬೋಟು ಅಳಿವೆ ದಾಟುವವರೆಗೆ, ಅಂದರೆ ಹೊಳೆ ಸಮುದ್ರಕ್ಕೆ ಸೇರುವ ಆ ಜಾಗ ದಾಟುವವರೆಗೆ, ನಮ್ಮ ಮನೆಯಲ್ಲಿ ‘ಬೇಡ’, ‘ಇಲ್ಲ’ ಅನ್ನುವ ಹಾಗಿಲ್ಲ. ಹಾಲು ಮುಗಿದಿದ್ದರೆ ‘ಹಾಲು ತರಬೇಕು’ ಅನ್ನಬೇಕು. ಯಾರಾದರೂ ದೋಸೆ ಬಡಿಸಲು ಬಂದು ಹೊಟ್ಟೆ ತುಂಬಿದ್ದರೆ ‘ಆಮೇಲೆ ಆತು’ ಅನ್ನಬೇಕು. ತಡೆಯುವ ಮಾತು, ಬೈಯುವ ಮಾತು, ದೂರುವ ಮಾತು ಯಾವುದೂ ಕೂಡದು. ಅಕಸ್ಮಾತ್ ಯಾರಾದರೂ ಅಂದುಬಿಟ್ಟರೆ ಅವತ್ತು ಬೋಟು ಹೋಗುವುದಿಲ್ಲ. ಅಂದವರನ್ನು ಯಾರೂ ಬೈಯುವುದಿಲ್ಲ, ಬೈದರೆ ಅದೂ ಕೆಟ್ಟ ಮಾತೇ ಆಗುತ್ತದಲ್ಲ. ಮುಂದಿನ ಅಮಾವಾಸ್ಯೆಯೋ ಹುಣ್ಣಿಮೆಯೋ ಯಾವುದು ಮೊದಲು ಬರುತ್ತದೋ ಅಲ್ಲಿಯವರೆಗೆ ಅವರು ಬೆಳಿಗ್ಗೆ ಬೋಟು ಹೊರಡುವ ಹೊತ್ತಿಗೆ ಜಗಲಿಗೆ ಬರಬಾರದು, ಅಷ್ಟೆ. ಒಳಗೇ ಇರಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ನಗು ಬರುತ್ತಿತ್ತು. ಗಂಡ ದಿನಾ ಆ ನೀರಿನ ಮೇಲೆ ಹೋಗಿ ಬರುವುದನ್ನು ನೋಡುತ್ತ ನೋಡುತ್ತ ನಗು ನಿಂತಿತು.

ಇಂಥ ಮನೆಯ ಜಗಲಿಯಲ್ಲಿ ನಾನು ಬೆಳಿಗ್ಗೆ ಇಂಗ್ಲಿಷ್ ಟ್ಯೂಷನ್ ಶುರು ಮಾಡಿದೆ. ಮಕ್ಕಳಿಗೆ ಬೇರೆ ಹೊತ್ತಿಲ್ಲ. ಕುಮಟಾದ ಬಸ್ಸು ಹಿಡಿಯುವ ಮೊದಲು ಬಂದು ಹೋಗಬೇಕು. ಬೆಳಕು ಹರಿಯುವಾಗ ಅವರು ಚಾಪೆ ಹಾಸಿ ಕೂರುತ್ತಾರೆ, ಅದೇ ಹೊತ್ತಿಗೆ ಬೋಟಿನವರು ಡಬ್ಬಿ, ನೀರಿನ ಕ್ಯಾನು ಹಿಡಿದು ಹೊರಡುತ್ತಾರೆ. ಪರೀಕ್ಷೆಗೆ ಬರುವ ಶಬ್ದಗಳನ್ನು ನಾನು ಗುಂಪು ಮಾಡಿ ಹೇಳಿಕೊಡುತ್ತಿದ್ದೆ. ತಿನ್ನುವ ಕ್ರಿಯಾಪದಗಳು, ನಡೆಯುವ ಕ್ರಿಯಾಪದಗಳು, ಹೀಗೆ. ಆ ವರ್ಷ ಒಂದು ಬೆಳಿಗ್ಗೆ ದೂರುವ, ಶಿಕ್ಷಿಸುವ, ತಡೆಯುವ, ತಳ್ಳಿಹಾಕುವ ಕ್ರಿಯಾಪದಗಳ ಗುಂಪಿನ ಪಾಳಿ ಬಂತು. ಮಕ್ಕಳು ರಾಗವಾಗಿ ಕೂಗತೊಡಗಿದರು. ಬ್ಲೇಮ್ ಅಂದರೆ ದೂರು, ಪನಿಶ್ ಅಂದರೆ ಶಿಕ್ಷಿಸು, ಫರ್ಬಿಡ್ ಅಂದರೆ ನಿಷೇಧಿಸು, ರಿಜೆಕ್ಟ್ ಅಂದರೆ ತಿರಸ್ಕರಿಸು. ಗಂಡ, ಮೈದುನ ಆಗಷ್ಟೇ ಅಂಗಳ ದಾಟಿ ಹೋಗಿದ್ದರು, ಅವರ ಕಿವಿಗೆ ಬೀಳದ್ದರಿಂದ ಅವತ್ತು ಬೋಟು ನಿಲ್ಲಲಿಲ್ಲ. ಅತ್ತೆ ಗುಡಿಸುತ್ತಿದ್ದ ಹಿಡಿಸೂಡಿ ಕೈಯಲ್ಲಿ ಹಿಡಿದೇ ಒಳಗಿನಿಂದ ಬಂದು ನನ್ನ ಎದುರು ನಿಂತರು. ಬೆರಳು ತುಟಿಯ ಮೇಲಿಟ್ಟು ಹಿತ್ತಲಿಗೆ ಹೋಗಿ, ಹೊಳೆಯ ಕಡೆ ನೋಡುತ್ತ ನಿಂತು, ಬೋಟು ಕಣ್ಣಿಗೆ ಸಣ್ಣದಾದ ಮೇಲೆ ತಿರುಗಿ ಬಂದರು.

"ಎಂತ ಕೂಗ್ಸದೇ ಅದು, ಮಕ್ಕಳ ಹತ್ರ?"

ಹೇಳಿದೆ.

"ಇಂಗ್ಲೀಷು ಎಂತ ಬೇಕಾದ್ರೂ ಕೂಗ್ಲಿ. ಕನ್ನಡದ್ದು ಮಾತ್ರ ಬೋಟು ದಾಟಿದ ಮೇಲೆ ಆತು."

"ಸಮುದ್ರಕ್ಕೆ ಇಂಗ್ಲೀಷು ತಿಳೀದಿಲ್ವಾ ಅತ್ತೆ?" ಅಂತ ಕೆಣಕಿದೆ.

"ಅದ್ಕೆ ತಿಳಿತದೋ ಇಲ್ವೋ ನಂಗೊತ್ತಿಲ್ಲ. ನಂಗೆ ತಿಳೀದಿಲ್ಲ. ಅಷ್ಟು ಸಾಕು."

ಅಂದಿನಿಂದ ಆ ಪಾಠಕ್ಕೆ ನಾನು ಬೇರೆ ದಾರಿ ಹುಡುಕಬೇಕಾಯಿತು. ಕನ್ನಡ ಅರ್ಥ ಹೇಳುವ ಹಾಗಿಲ್ಲ, ಪಾಠ ಬಿಡುವ ಹಾಗಿಲ್ಲ. ಮಕ್ಕಳಿಂದ ಆಡಿಸಿ ತೋರಿಸತೊಡಗಿದೆ. ಒಬ್ಬಳು ಮೀನಿನ ಏಜೆಂಟು, ಐಸಿನ ಪೆಟ್ಟಿಗೆ ತೆರೆದು ಮೀನಿನ ಹೊಟ್ಟೆ ಒತ್ತಿ ನೋಡಿ, ಮುಖ ಸಿಂಡರಿಸಿ ಬುಟ್ಟಿಯನ್ನು ಬದಿಗೆ ಸರಿಸುತ್ತಾಳೆ. ಅದು ರಿಜೆಕ್ಟ್. ಅದೇ ಏಜೆಂಟು ತೀರಾ ಕಡಿಮೆ ದರ ಹೇಳುತ್ತಾಳೆ, ಮೀನಿನವಳು ಬುಟ್ಟಿಗೆ ಬಟ್ಟೆ ಮುಚ್ಚಿ ಬೆನ್ನು ತಿರುಗಿಸುತ್ತಾಳೆ. ಅದು ರಿಫ್ಯೂಸ್. ಮಳೆಗಾಲದಲ್ಲಿ ಸರ್ಕಾರ ಬೋಟುಗಳನ್ನು ಕಡಲಿಗೆ ಇಳಿಸಗೊಡದೆ ದಡದಲ್ಲಿ ಕೂರಿಸುವುದು ಫರ್ಬಿಡ್. ಇಳಿತದ ನೀರಿನಲ್ಲಿ ಬೋಟು ಹೋಗಲು ಎಳೆಯುತ್ತದೆ, ಹಗ್ಗ ಬಿಡುವುದಿಲ್ಲ, ಅದು ರಿಸ್ಟ್ರೇನ್. ಬಲೆ ಹರಿದದ್ದನ್ನು ನೋಡಿದ ಕ್ಷಣವೇ ಪಕ್ಕದ ಬೋಟಿನ ಕಡೆ ಕೈ ತೋರಿಸಿದರೆ ಅಕ್ಯೂಸ್. ಸಂಜೆ ಎಲ್ಲ ಕೂತು ಇವನದೇ ತಪ್ಪು ಅಂತ ತೀರ್ಮಾನಿಸಿ ಅವನ ತಲೆಗೆ ಕಟ್ಟಿದರೆ ಬ್ಲೇಮ್. ಮಕ್ಕಳು ನಕ್ಕು ನಕ್ಕು ಕಲಿತರು. ಹಿತ್ತಲಿನಿಂದ ಅತ್ತೆ "ದಾಟ್ತು" ಅಂತ ಕೂಗಿದ ಮೇಲೆ ನಾನು ಕನ್ನಡ ಅರ್ಥವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅಷ್ಟರಲ್ಲಿ ಅದು ಯಾರಿಗೂ ಬೇಕಾಗಿರುತ್ತಿರಲಿಲ್ಲ.

ಬೈಗುಳದಲ್ಲಿ ಇಂಗ್ಲಿಷಿನವರು ನಮಗಿಂತ ಶ್ರೀಮಂತರು ಅಂತ ಮಾತ್ರ ಯಾರೂ ತಿಳಿಯಬೇಡಿ. ರೆಬ್ಯೂಕ್, ರೆಪ್ರಿಮ್ಯಾಂಡ್, ಸೆನ್ಶರ್ ಅಂತ ಸಾಲು ಸಾಲಾಗಿ ಇಟ್ಟುಕೊಂಡಿದ್ದಾರೆ ನಿಜ. ನಮ್ಮಲ್ಲಿ ಗದರುವುದು, ಜರೆಯುವುದು, ಹಳಿಯುವುದು, ಮೂದಲಿಸುವುದು, ಹಂಗಿಸುವುದು, ಆಡಿಕೊಳ್ಳುವುದು ಇಲ್ಲವೇ? ಹಂಗಿಸುವುದಕ್ಕೆ ಸರಿಯಾದ ಒಂದು ಇಂಗ್ಲಿಷ್ ಶಬ್ದ ಹೇಳಿ ನೋಡೋಣ ಅಂತ ಒಮ್ಮೆ ವಾರಗಿತ್ತಿಯನ್ನೇ ಕೇಳಿದ್ದೆ. ಅವಳು ಸ್ವಲ್ಪ ಯೋಚಿಸಿ, "ಇಲ್ಲ ಅಕ್ಕ, ಪೂರ್ತಿ ಕೂರುವಂಥದ್ದು ಯಾವ್ದೂ ನೆನಪಾಗ್ತಿಲ್ಲ" ಅಂದಳು. ನನಗೆ ಎಷ್ಟೋ ದಿನ ಆ ಸಂತೋಷವೇ ಸಾಕಾಗಿತ್ತು.

ಅವಳು ಮದುವೆಯಾಗಿ ಬಂದಾಗ ನನ್ನ ಟ್ಯೂಷನ್ ಚೆನ್ನಾಗಿ ನಡೆಯುತ್ತಿತ್ತು. ಮಿರ್ಜಾನದಿಂದಲೂ ಮಕ್ಕಳು ಬರುತ್ತಿದ್ದರು. ಮೊದಲು ಕೆಲವು ದಿನ ಬಾಗಿಲ ಹತ್ತಿರ ನಿಂತು ನೋಡಿದಳು. ಆಮೇಲೆ "ಅಕ್ಕ, ಸಣ್ಣವರನ್ನ ನಾ ನೋಡ್ಕಂಬ್ಲಾ?" ಅಂದಳು. ಕೇಳಿದ್ದು ಬೆಳಿಗ್ಗೆ, ಬೋಟು ಹೊರಡುವ ಹೊತ್ತಿಗೆ. ಆ ಹೊತ್ತಿನಲ್ಲಿ ಬೇಡ ಅನ್ನುವ ಹಾಗಿಲ್ಲವಲ್ಲ. "ಆತು" ಅಂದೆ. ಬೇಕೆಂದೇ ಆ ಹೊತ್ತು ನೋಡಿ ಕೇಳಿದಳು ಅಂತ ನನ್ನ ಗುಮಾನಿ. ಗಂಡನಿಗೆ ಹೇಳಿದರೆ "ನಿಂಗೆ ಬೇರೆ ಕೆಲ್ಸ ಇಲ್ಲ" ಅಂದರು.

ಜಗಲಿಯ ಬಲಗಡೆ ಕಾಲೇಜಿನ ಮಕ್ಕಳು ನನ್ನ ಹತ್ತಿರ, ಎಡಗಡೆ ಶಾಲೆಯ ಮಕ್ಕಳು ಅವಳ ಹತ್ತಿರ. ನಾನು ಆಡಿಸುತ್ತಿದ್ದುದನ್ನೇ ಅವಳೂ ಆಡಿಸಿದಳು. ಆದರೆ ಅವಳು ಆಡಿಸಿದರೆ ಮಕ್ಕಳು ಎರಡು ಪಟ್ಟು ನಗುತ್ತಿದ್ದರು. ಏಜೆಂಟಿನ ಮಾತನ್ನು ಭಟ್ಕಳದ ಬಜಾರಿನ ಧಾಟಿಯಲ್ಲಿ ಹೇಳಿ ತೋರಿಸುತ್ತಿದ್ದಳು, ಅರ್ಧ ಉರ್ದು, ಅರ್ಧ ಇಂಗ್ಲಿಷ್. ನನ್ನ ಕಡೆಯ ದೊಡ್ಡ ಮಕ್ಕಳೂ ಕುತ್ತಿಗೆ ತಿರುಗಿಸಿ ಅತ್ತ ನೋಡುತ್ತಿದ್ದರು. ನಾನು ಡಸ್ಟರಿನಿಂದ ಬೋರ್ಡಿಗೆ ಬಡಿಯುತ್ತಿದ್ದೆ. ಬಡಿದಾಗ ತಿರುಗುತ್ತಿದ್ದರು, ಪಾಪ. ಮನಸ್ಸು ಅಲ್ಲೇ ಇರುತ್ತಿತ್ತು.

ಆಮೇಲೆ ಯಾರೋ ಫೋನಿನಲ್ಲಿ ಅವಳ ಪಾಠದ ವಿಡಿಯೋ ಮಾಡಿ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಹಾಕಿದರು. ಯಾರೋ ಅಂತ ಯಾಕೆ ಹೇಳಲಿ, ಮಾಡಿದವಳು ನನ್ನ ಮಗಳೇ. ಕುಮಟಾದ ಒಂದು ಶಾಲೆಯವರು ಅದನ್ನು ನೋಡಿ, ನಮ್ಮ ಶಿಕ್ಷಕರಿಗೂ ಈ ಪದ್ಧತಿ ತೋರಿಸಿ ಅಂತ ಅವಳನ್ನು ಕರೆದರು. ನಾನೂ ಹೋಗಿ ಕೂತೆ. ಕೊನೆಯಲ್ಲಿ ಅವಳು, ಇದನ್ನೆಲ್ಲ ನಾನು ಕಲಿತದ್ದು ನಮ್ಮ ಅಕ್ಕನ ಹತ್ತಿರ, ಅಂತ ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟು ವಿನಯ ನೋಡಿ ಈ ಹುಡುಗಿಗೆ, ಅಂದರು ನನ್ನ ಪಕ್ಕದಲ್ಲಿ ಕೂತಿದ್ದ ಮಾಸ್ತರರು. ಆ ಚಪ್ಪಾಳೆಯೂ ಅವಳಿಗೇ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು. ದಾರಿಯುದ್ದ ಹೊರಗೇ ನೋಡುತ್ತ ಕೂತೆ.

ಇಷ್ಟಾದರೂ ನಾನು ತಡೆದುಕೊಂಡಿದ್ದೆ. ಮಕ್ಕಳು ಹೋಗಲಿ, ಶಾಲೆಯವರು ಕರೆಯಲಿ, ಅತ್ತೆ ಅವಳನ್ನು "ಮಗಾ" ಅಂತ ಕರೆದು ನನ್ನನ್ನು "ಇವಳೇ" ಅಂತ ಕರೆಯಲಿ. ನನಗೆ ಒಂದೇ ಹೆದರಿಕೆ ಇದ್ದದ್ದು. ನನ್ನ ಮಗಳು. ಒಂಬತ್ತನೇ ತರಗತಿ. ನನ್ನ ಒಬ್ಬಳೇ ಮಗಳು, ಮಾತು ಬಂದಾಗಿನಿಂದ ನನ್ನ ಚಾಪೆಯ ಮೇಲೆಯೇ ಇಂಗ್ಲಿಷ್ ಕಲಿತವಳು. ಅವಳು ಈಗ ಚಿಕ್ಕಿಯ ಹಾಗೆ, ಅಂದರೆ ನನ್ನ ವಾರಗಿತ್ತಿಯ ಹಾಗೆ, ಕೈ ತಿರುಗಿಸಿ ಮಾತಾಡುತ್ತಿದ್ದಳು. ಚಿಕ್ಕಿಯ ಹಾಗೆ ನಗುತ್ತಿದ್ದಳು. ನಾನೇನಾದರೂ ಹೇಳಿದರೆ, "ಚಿಕ್ಕಿ ಬೇರೆ ಥರ ಹೇಳ್ತು" ಅನ್ನುತ್ತಿದ್ದಳು. ರಾತ್ರಿ ಮಲಗುವ ಮೊದಲು ಅವಳ ಜಡೆ ಬಿಚ್ಚುವುದು ನನ್ನ ಕೆಲಸವಾಗಿತ್ತು. ಅದೂ ಚಿಕ್ಕಿಯ ಪಾಲಿಗೆ ಹೋಗಿತ್ತು. ಇಂಗ್ಲಿಷ್ ಪಾಠ ಒಂದು ಉಳಿದಿತ್ತು ನನಗೆ, ಶಾಲೆಯವಳಾದರೂ ಬಲಗಡೆ ನನ್ನ ಹತ್ತಿರವೇ ಕೂರುತ್ತಿದ್ದ ಅವಳ ಆ ಒಂದು ಚಾಪೆ. ಅದನ್ನು ಮಾತ್ರ ಕೊಡುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ.

ಮಳೆಗಾಲದ ಬಂದಿ, ಬೋಟು ಇಳಿಸಬಾರದ ಆ ಅವಧಿ ಮುಗಿದು, ನೂಲು ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟಾಗಿತ್ತು. ಮರುದಿನ ಬೆಳಿಗ್ಗೆ ನಮ್ಮ ಬೋಟು ಆ ವರ್ಷದ ಮೊದಲ ಸಲ ಹೊರಡುವುದಿತ್ತು. ಹೊಸ ಬಣ್ಣ ಬಳಿದಿದ್ದರು, ಐಸು ತುಂಬಿಯಾಗಿತ್ತು. ಬೋಟಿನ ಆಳುಗಳೆಲ್ಲ ಅಂಗಳಕ್ಕೆ ಬಂದು ನಿಂತಿದ್ದರು. ಅತ್ತೆ ಒಳಗೆ ದೇವರಿಗೆ ದೀಪ ಹಚ್ಚುತ್ತಿದ್ದರು. ಗಂಡ ನೀರಿನ ಕ್ಯಾನು ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು, ಹಿಂದೆಯೇ ಮೈದುನ. ಜಗಲಿಯಲ್ಲಿ ಮಕ್ಕಳು ಆಗಷ್ಟೇ ಚಾಪೆ ಬಿಚ್ಚುತ್ತಿದ್ದರು.

ನನ್ನ ಮಗಳು ಚಾಪೆ ಕಂಕುಳಲ್ಲಿಟ್ಟುಕೊಂಡು ಒಳಗಿನಿಂದ ಬಂದು, ನನ್ನನ್ನು ದಾಟಿ, ಎಡಗಡೆ ಹೋದಳು. ಏನೂ ಹೇಳಲಿಲ್ಲ, ಕೇಳಲಿಲ್ಲ. ಮೊದಲೇ ನಿಶ್ಚಯ ಮಾಡಿದ್ದಳು ಅಂತ ನಡಿಗೆಯಲ್ಲೇ ತಿಳಿಯಿತು. ನಾನು ಎದ್ದು ಹೋಗಿ ಅವಳ ತೋಳು ಹಿಡಿದೆ. ಮೆತ್ತಗೆ ಹಿಡಿಯಲಿಲ್ಲ.

"ಇತ್ಲಾಗೆ ಬಾ. ಇಲ್ಲಿ ಕೂತ್ಕ" ಅಂದೆ.

ಅವಳು ತೋಳು ಕೊಸರಿದಳು. ಬಿಡಲಿಲ್ಲ ನಾನು.

"ಬೇಡ ಆಯಿ" ಅಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಬೇಡ ನಂಗೆ ನಿನ್ ಪಾಠ. ನಾ ಚಿಕ್ಕಿ ಹತ್ರನೇ ಕಲೀತೇನೆ."

ದನಿ ಏರಿತ್ತು. ಅಂಗಳದಲ್ಲಿ ನಿಂತವರಿಗೆಲ್ಲ ಕೇಳಿತು. ಗಂಡ ತಿರುಗಿ ನೋಡಲಿಲ್ಲ. ಕ್ಯಾನನ್ನು ಮೆಟ್ಟಿಲ ಮೇಲೆ ಇಳಿಸಿ, ಚಪ್ಪಲಿ ಕಳಚಿ, ಅಲ್ಲೇ ಕುಳಿತರು. ಮೈದುನ ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿದ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಕೂತು ಕಾದು, ಮೊದಲ ದಿನವೇ ಬೋಟು ನಿಂತಿತು. ಮಗಳಿಗೆ ಆಗ ಅರಿವಾಯಿತು. ಅವಳ ತೋಳು ನನ್ನ ಕೈಯಲ್ಲೇ ಇತ್ತು.

ಅತ್ತೆ ಒಳಗಿನಿಂದ ಬಂದರು, ಕೈಯಲ್ಲಿ ಬೆಂಕಿಪೊಟ್ಟಣ.

"ಯಾರು?" ಅಂದರು. ಅಷ್ಟೇ.

ಅಂಗಳದಲ್ಲಿ ಗಂಡಸರು ಕಾಯುತ್ತ ನಿಂತಿದ್ದರು. ನಾನು ಬಾಯಿ ತೆರೆದೆ. ಇದನ್ನು ಯಾರು ನಂಬಲಿ ಬಿಡಲಿ, ನಾನು ಬಾಯಿ ತೆರೆದಿದ್ದೆ. ಎಂತ ಹೇಳಬೇಕು ಅಂತ ಮಾತ್ರ ಇನ್ನೂ ತಿಳಿದಿರಲಿಲ್ಲ. ಮಗಳು ಅಂದ ಮಾತು ಕಿವಿಯಲ್ಲಿ ಇನ್ನೂ ಸುತ್ತುತ್ತಿತ್ತು. ಬೋಟು ನಿಂತಿದ್ದು ಆಗ ನನ್ನ ತಲೆಯಲ್ಲಿರಲಿಲ್ಲ, ಮಗಳಿಗೆ ಏನಾಗುತ್ತದೆ ಅನ್ನುವುದೂ ಇರಲಿಲ್ಲ. ಎಲ್ಲರ ಎದುರು ಮಗಳು ನನ್ನನ್ನು ಬಿಟ್ಟು ಚಿಕ್ಕಿಯನ್ನು ಆರಿಸಿಕೊಂಡಳು ಅನ್ನುವುದೊಂದೇ ಇತ್ತು.

"ನಾ ಹೇಳಿದ್ದು ಅತ್ತೆ" ಅಂತ ಕೇಳಿಸಿತು.

ವಾರಗಿತ್ತಿ ಚಾಕ್ ಕೆಳಗಿಟ್ಟು ಎದ್ದು ನಿಂತಿದ್ದಳು. "ಮಕ್ಕಳಿಗೆ ಅರ್ಥ ಹೇಳ್ತಾ ಬಾಯಿಗೆ ಬಂದುಹೋಯ್ತು. ಹೊತ್ತು ನೋಡ್ಲಿಲ್ಲ."

ಪಾಠ ಇನ್ನೂ ಶುರುವೇ ಆಗಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಬೋಟಿನವರು ಅವಳನ್ನು ನೋಡಿದರು, ಆಮೇಲೆ ನೆಲ ನೋಡಿದರು. ಮೈದುನ ಹೆಂಡತಿಯ ಮುಖವನ್ನೇ ನೋಡುತ್ತಿದ್ದ, ತಡೆಯಲಿಲ್ಲ. ಅತ್ತೆ ಅವಳ ಕಡೆ ತಿರುಗಿ, "ಅಮಾಸೆವರೆಗೆ ಒಳಗಿರು ಮಗಾ" ಅಂದರು. ಅವಳು "ಆತು" ಅಂದು ಒಳಗೆ ಹೋದಳು. ಹೋಗುವಾಗ ನನ್ನ ಮಗಳ ತಲೆಯ ಮೇಲೆ ಕೈಯಾಡಿಸಿದಳು. ನಾನು ಮಗಳ ತೋಳು ಬಿಟ್ಟೆ.

ಮೊದಲು ಸಮಾಧಾನವೇ ಆಯಿತು. ಸುಳ್ಳು ಯಾಕೆ ಹೇಳಲಿ. ಮಗಳು ಬಚಾವಾದಳು ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಸಿಟ್ಟು ಏರತೊಡಗಿತು. ಯಾರು ಕೇಳಿದ್ದರು ಇವಳನ್ನು? ನನ್ನ ಮಗಳು, ನನ್ನ ಮನೆ, ನಾನು ಅಲ್ಲೇ ನಿಂತಿದ್ದೆ. ನನ್ನ ಪಾಠ ತೆಗೆದುಕೊಂಡಳು, ನನ್ನ ಮಕ್ಕಳನ್ನು ತೆಗೆದುಕೊಂಡಳು, ಈಗ ನನ್ನ ಮಗಳ ತಪ್ಪನ್ನೂ ತೆಗೆದುಕೊಳ್ಳಬೇಕಿತ್ತೇ? ಅದರಲ್ಲೂ ಮುಂದೆ ಓಡಬೇಕಿತ್ತೇ? ಬಸ್ಸಿನ ಸೀಟಿನ ಹಾಗೆ ಇದನ್ನಾದರೂ ನನಗೆ ಬಿಡಬಹುದಿತ್ತು. ಗಂಡನ ಹತ್ತಿರ ಇದನ್ನು ಹೇಳಲು ಹೋದೆ. "ಹುಡ್ಗಿ ದನಿ ನಂಗೂ ಕೇಳ್ತು. ಅವ್ಳು ಹೇಳಿ ಆತು, ಮುಗೀತು" ಅಂದು ಬಲೆ ಸರಿಮಾಡಲು ಕುಳಿತರು. ಮರುದಿನ ಬೋಟು ಹೋಗಿ ಬಂತು, ಮೀನು ಸುಮಾರಾಗಿ ಬಿದ್ದಿತ್ತು.

ಅಲ್ಲಿಂದ ಅಮಾವಾಸ್ಯೆಯವರೆಗೆ ಇಡೀ ಜಗಲಿ ನನ್ನದಾಯಿತು. ಎಡಗಡೆಯ ಮಕ್ಕಳು ಬಲಗಡೆಯವರ ಹಿಂದೆ ಬಂದು ಕೂತರು. ಮಗಳು ಎಲ್ಲರಿಗಿಂತ ಮುಂದೆ, ನನ್ನ ಕಾಲ ಬುಡದಲ್ಲಿ. ನಾನು ಬೇಡಿಕೊಂಡಿದ್ದು ಇದನ್ನೇ ತಾನೆ? ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡುತ್ತಿದ್ದಳು. "ಚಿಕ್ಕಿ ಬೇರೆ ಥರ ಹೇಳ್ತು" ಅನ್ನುವ ಮಾತು ನಿಂತುಹೋಗಿತ್ತು. ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ನೋಡಿದವರು ಎಷ್ಟು ವಿಧೇಯ ಹುಡುಗಿ ಅನ್ನಬೇಕು, ಹಾಗೆ ಇದ್ದಳು. ನನ್ನ ಮೇಲಿನ ಸಿಟ್ಟೋ, ತನ್ನ ಮೇಲಿನದೋ, ನಾನು ಕೇಳಲಿಲ್ಲ.

ವಾರಗಿತ್ತಿ ಅಡುಗೆಮನೆಯಲ್ಲಿ ಕೂತು ಕಾಯಿ ಹೆರೆಯುತ್ತಿದ್ದಳು. ಅಡುಗೆಮನೆಯ ಬಾಗಿಲು ಜಗಲಿಗೆ ನೇರವಾಗಿದೆ, ಅವಳ ಬೆನ್ನು ಕಾಣುತ್ತದೆ. ನಾನು ಪಾಠ ಹೇಳಲು ಬಾಯಿ ತೆರೆದರೆ ಹೆರೆಮಣೆಯ ಸದ್ದು ನಿಲ್ಲುತ್ತಿತ್ತು, ಮಕ್ಕಳಿಗೆ ಸರಿಯಾಗಿ ಕೇಳಲಿ ಅಂತ. ನಾನು ನಿಲ್ಲಿಸಿದರೆ ಮತ್ತೆ ಶುರುವಾಗುತ್ತಿತ್ತು. ಆ ಔಚಿತ್ಯವೂ ನನ್ನ ಮೈ ಉರಿಸುತ್ತಿತ್ತು. ಜೋರಾಗಿ ಹೆರೆದಿದ್ದರೆ, ಪಾತ್ರೆ ಕುಕ್ಕಿದ್ದರೆ, ನನಗೆ ಎಷ್ಟೋ ಹಗುರಾಗುತ್ತಿತ್ತು.

ಒಂದು ಬೆಳಿಗ್ಗೆ ಮಿರ್ಜಾನದ ಹುಡುಗಿಯೊಬ್ಬಳು ಎದ್ದು ನಿಂತು, ಬ್ಲೇಮ್ ಮತ್ತು ಪನಿಶ್ ಯಾವಾಗಲೂ ಒಬ್ಬರಿಗೇ ಆಗುತ್ತದೆಯೇ ಅಂತ ಕೇಳಿದಳು. ಕಾಲೇಜಿನ ಹುಡುಗಿ, ಅವತ್ತು ಜಗಲಿಯಲ್ಲೇ ಇದ್ದವಳು. ಕೆಣಕಲು ಕೇಳಿದಳೋ, ನಿಜಕ್ಕೂ ತಿಳಿಯದೆ ಕೇಳಿದಳೋ, ಮುಖ ನೋಡಿ ಗೊತ್ತಾಗಲಿಲ್ಲ. ನಾನು ಉದಾಹರಣೆ ಹುಡುಕುತ್ತ ಬಲೆ, ಏಜೆಂಟು, ಐಸಿನ ಪೆಟ್ಟಿಗೆ ಅಂತ ತಡವರಿಸುವಷ್ಟರಲ್ಲಿ ಮಕ್ಕಳೆಲ್ಲರ ಕಣ್ಣು ಅಡುಗೆಮನೆಯ ಕಡೆ ತಿರುಗಿತು. ಕಾಯಿ ಹೆರೆಯುವ ಸದ್ದು ನಿಂತಿತ್ತು. ಮಗಳು ಮಾತ್ರ ಪುಸ್ತಕ ನೋಡುತ್ತಿದ್ದಳು, ಹಾಳೆಯ ಮೇಲೆ ಒಂದು ಹನಿ ಬಿತ್ತು. ಹುಡುಗಿ, "ತಿಳೀತು ಟೀಚರ್" ಅಂದು ಕುಳಿತಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಒಳಗೆ ಬೆನ್ನು ತಿರುಗಿಸಿ ಕೂತವಳೇ ಅವತ್ತೂ ಪಾಠ ಮಾಡಿದಳು.

ಆ ಮಧ್ಯಾಹ್ನ ಅತ್ತೆ ಹಿತ್ತಲ ಕಡೆಯ ಕಟ್ಟೆಯ ಮೇಲೆ ಸಿಗಡಿ ಸುಲಿಯುತ್ತಿದ್ದರು. ನಾನೂ ಹೋಗಿ ಕೂತೆ. ತುಸು ಹೊತ್ತು ಸುಲಿದೆ. ಹೇಳಿದರೆ ಮಗಳ ಮೇಲೆ ಹೋಗುತ್ತದೆ, ಹೇಳದಿದ್ದರೆ ಆ ಬೆನ್ನು ನೋಡುತ್ತ ಇನ್ನೂ ಅಷ್ಟು ದಿನ ಪಾಠ ಮಾಡಬೇಕು. ಕೊನೆಗೂ ಬಾಯಿ ಬಿಟ್ಟೆ.

"ಅತ್ತೆ, ಅವತ್ತು ಬೇಡ ಅಂದಿದ್ದು ಅವಳಲ್ಲ."

"ಗೊತ್ತದೆ" ಅಂದರು ಅತ್ತೆ. ಕೈ ನಿಲ್ಲಿಸಲಿಲ್ಲ. "ಮೊಮ್ಮಗಳ ದನಿ ನಂಗೆ ಗುರ್ತ ಸಿಕ್ಕೂದಿಲ್ವಾ?"

"ಮತ್ತೆ ಅವಳನ್ನ ಯಾಕೆ ಒಳಗೆ ಕೂರ್ಸಿದ್ರಿ?"

"ಬೋಟಿನವ್ರೆಲ್ಲ ಅಂಗಳದಲ್ಲಿ ನಿಂತಿದ್ರು. ವರ್ಷದ ಮೊದಲ್ನೇ ದಿನ. ಯಾರಾದ್ರೂ ಒಬ್ರು ಹೊತ್ಕಣ್ಲೇಬೇಕಾಗಿತ್ತು. ಸಣ್ಣ ಹುಡ್ಗಿ ತಲೆಮೇಲೆ ಬಿಡೂಕಾಗ್ತದಾ?" ಸಿಗಡಿಯ ಸಿಪ್ಪೆಯನ್ನು ಬದಿಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡರು. "ಅದ್ಕೇ ಕೇಳಿದ್ದು, ಯಾರು ಅಂತ. ನೀನು ಹೊತ್ಕಂತೆ ಅಂದ್ಕಂಡಿದ್ದೆ."

ಆಮೇಲೆ ಅವರು ಸಾರಿಗೆ ಹುಳಿ ಸಾಕಾಗುತ್ತದೆಯೋ ಅಂತ ಕೇಳಿದರು. ನಾನು ಒಳಗೆ ಹೋಗಿ ನೋಡಿಕೊಂಡು ಬರುತ್ತೇನೆ ಅಂತ ಎದ್ದೆ. ಅಡುಗೆಮನೆಯಲ್ಲಿ ವಾರಗಿತ್ತಿ ಮಗಳಿಗೆ ಜಡೆ ಹಾಕುತ್ತಿದ್ದಳು. ನನ್ನನ್ನು ನೋಡಿ ಮಗಳು ಎದ್ದು ನಿಂತಳು. ಹುಳಿಯ ಡಬ್ಬಿ ಎತ್ತಿಕೊಂಡು ನಾನು ತಿರುಗಿ ಬಂದೆ.

ಅಮಾವಾಸ್ಯೆ ಕಳೆಯಿತು. ಮರುದಿನ ಬೆಳಿಗ್ಗೆ ಅವಳು ಜಗಲಿಗೆ ಬಂದಳು, ಸಣ್ಣ ಮಕ್ಕಳು ಚಾಪೆ ಎಳೆದುಕೊಂಡು ಎಡಗಡೆಗೆ ಓಡಿದರು. ಗಂಡ ಕ್ಯಾನು ಎತ್ತಿಕೊಂಡು ಮೆಟ್ಟಿಲ ಹತ್ತಿರ ಇದ್ದರು. ಮಗಳು ಚಾಪೆ ಹಿಡಿದು ನನ್ನ ಎದುರು ಬಂದು ನಿಂತಳು. ಈ ಸಲ ದಾಟಿ ಹೋಗಲಿಲ್ಲ.

"ಆಯಿ, ನಾ ಅತ್ಲಾಗೆ ಕೂತ್ಕಳ್ಲಾ?" ಅಂತ ಮೆತ್ತಗೆ ಕೇಳಿದಳು.

ಬೋಟು ಹೊರಡುವ ಹೊತ್ತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಇರುವುದು ಒಂದೇ ಉತ್ತರ. "ಆತು" ಅಂದೆ.

ಈಗ ಅವಳು ಅಲ್ಲೇ ಕೂತು ಕಲಿಯುತ್ತಾಳೆ. ಉಚ್ಚಾರ ಸುಧಾರಿಸಿದೆ, ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ವಾರಗಿತ್ತಿಯ ಇಂಗ್ಲಿಷ್ ಕಂಡು ನನಗಿದ್ದ ಹೊಟ್ಟೆಕಿಚ್ಚು ದಿನ ಹೋದ ಹಾಗೆ ತುಸು ಆರಿದೆ. ಅದು ಅವಳಿಗೆ ಬರುತ್ತದೆ, ನನಗೆ ಅಷ್ಟು ಬರುವುದಿಲ್ಲ, ಎಂತ ಮಾಡುವುದು. ಆದರೆ ಬೆಳಿಗ್ಗೆ ಬೋಟಿನವರು ಅಂಗಳಕ್ಕಿಳಿಯುವಾಗ "ನಾ ಹೇಳಿದ್ದು ಅತ್ತೆ" ಅಂದ ಆ ದನಿ ಇವತ್ತಿಗೂ ಕಿವಿಗೆ ಬರುತ್ತದೆ, ಮೈಯೆಲ್ಲ ಉರಿಯುತ್ತದೆ. ಅಷ್ಟೊಂದು ಇಂಗ್ಲಿಷ್ ಬರುವವಳು ಅದನ್ನು ಕನ್ನಡದಲ್ಲಿ ಹೇಳಿದ್ದಳು. ಅದು ನನಗೂ ಬರುತ್ತಿತ್ತು.